ಅಕ್ಕನ ಮೊಣಕೈ ಮತ್ತು ಈಜುಕೊಳದ ನೀರು

ಈಜುಕೊಳದ ಅಧೀಕ್ಷಕರಾದ ಮಾನ್ಯರೇ,

ಊರಿನ ಅರ್ಧದಷ್ಟು ಮಕ್ಕಳಿಗೆ ತೇಲುವುದನ್ನು ಕಲಿಸಿದ ನನ್ನ ಅಕ್ಕನನ್ನು ತಾವು ಕಳೆದ ತಿಂಗಳು ನೀರಿನಿಂದ ಎಬ್ಬಿಸಿ ಟಿಕೆಟ್ ಕಿಟಕಿಯ ಹಿಂದೆ ಕೂರಿಸಿದ್ದೀರಿ. ಅವಳ ಅಪರಾಧ, ಮೊಣಕೈ ಮೇಲೆ ಹೊಟ್ಟು ಏಳುವ ಕೆಂಪು ಕಲೆಗಳು. ಸೋರಿಯಾಸಿಸ್. ಹೆಸರೇ ನಾಲಿಗೆ ತಿರುಚುವಂತಿದೆ, ತಾವು ಅಂಜಿದ್ದರಲ್ಲಿ ಆಶ್ಚರ್ಯವಿಲ್ಲ.

ವಿಚಾರಿಸಲು ತಮ್ಮ ಕೋಣೆಗೆ ಬಂದಿದ್ದೆ. "ನಿಮ್ಮ ತಂದೆಗೂ ಇತ್ತಂತಲ್ಲಮ್ಮ. ವಂಶದಲ್ಲೇ ಇರೋದು ಅಂದ್ಮೇಲೆ ಹುಷಾರಾಗಿರ್ಬೇಕಲ್ವಾ?" ಎಂದಿರಿ.

ಇರೋಣ. ಆದರೆ ವಂಶದಿಂದ ಬಂದದ್ದೆಲ್ಲ ಪಕ್ಕದವರಿಗೆ ಅಂಟುವುದಾದರೆ, ತಮ್ಮೆದುರು ಅಷ್ಟು ಹೊತ್ತು ಕೂತಿದ್ದ ನಾನು ತಲೆಗೂದಲಿನ ಆಸೆ ಬಿಡಬೇಕಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ತಮ್ಮ ತಂದೆಯವರ ತಲೆಯೂ ತಮ್ಮದರಷ್ಟೇ ಫಳಫಳಿಸುತ್ತಿತ್ತು. ನನ್ನ ಜಡೆ ಇನ್ನೂ ಸೊಂಟದವರೆಗಿದೆ.

ಅಕ್ಕನಿಗೆ ಇದು ಶುರುವಾದದ್ದು ಹರೆಯದಲ್ಲಿ, ಗಂಟಲು ಬಾತು ಜ್ವರ ಬಂದು ಹೋದ ಮೇಲೆ. ಆಗ ಚರ್ಮದ ಡಾಕ್ಟರಮ್ಮ ಅಪ್ಪನಿಗೆ ಬಿಡಿಸಿ ಹೇಳಿದ್ದರು: "ಒಂದೇ ಜೀನಿನ ಕೆಲಸ ಅಲ್ಲ ಯಜಮಾನ್ರೇ. ಹತ್ತಾರು ಕಡೆ ಚೂರುಚೂರು ವ್ಯತ್ಯಾಸ ಇರುತ್ತೆ. ಅದರಿಂದ ಮೈ ಆ ಕಡೆ ವಾಲಿರುತ್ತೆ ಅಷ್ಟೆ. ಗಂಟಲುಬೇನೆನೋ ಚಿಂತೆನೋ ಬಂದು ಕಿಡಿ ಹಚ್ಚುತ್ತೆ. ಮುಟ್ಟಿದ್ರೆ ಬರಲ್ಲ." ಅಪ್ಪ ಮಾತ್ರ ಅಂದು ಮನೆಗೆ ಬರುವವರೆಗೂ ಅಕ್ಕನ ಮುಖ ನೋಡಲಿಲ್ಲ, ಕದ್ದು ಸಿಕ್ಕಿಬಿದ್ದವರ ಹಾಗೆ.

ನಾನೂ ಅದೇ ಅಪ್ಪನ ಮಗಳು. ಮದುವೆಯಾಗುವ ತನಕ ಅಕ್ಕನ ಜೊತೆ ಒಂದೇ ಹೊದಿಕೆಗೆ ಕಿತ್ತಾಡಿ ಮಲಗಿದೆ, ಅವಳದೇ ಟವೆಲ್ಲಿನಲ್ಲಿ ಮೈ ಒರೆಸಿಕೊಂಡೆ. ಅವಳಿಂದ ನನಗೆ ಅಂಟಿದ್ದು ಉದ್ದ ನಾಲಿಗೆ ಒಂದೇ. ಅದರ ಫಲವನ್ನು ತಾವೀಗ ಓದುತ್ತಿದ್ದೀರಿ.

ಅಂದು ತಮ್ಮ ಕೋಣೆಯಲ್ಲಿ ಇದನ್ನೆಲ್ಲ ಹೇಳಿದ ಮೇಲೆ ತಾವು ದನಿ ತಗ್ಗಿಸಿದಿರಿ. "ಅಂಟಲ್ಲ ಅಂತ ನಂಗೂ ಗೊತ್ತಮ್ಮ. ಆದ್ರೆ ಜನ ಏನಂತಾರೆ?"

ಯಾವ ಜನ, ಮಾನ್ಯರೇ? ಜೀವಮಾನವಿಡೀ ಕಡಿದಾದ ತಿರುವುಗಳಲ್ಲಿ ಲಾರಿ ಓಡಿಸಿ, ನಿವೃತ್ತರಾದ ಮೇಲೆ ಸೊಂಟದುದ್ದದ ನೀರಿಗೆ ಗಡಗಡ ನಡುಗುವ ಹಿರಿಯರೊಬ್ಬರು ಅಕ್ಕನ ಕೈ ಹಿಡಿದು ಈಜು ಕಲಿಯುತ್ತಿದ್ದರು. ಈಗಲೂ ದಿನಾ ಟಿಕೆಟ್ ಕೊಳ್ಳುತ್ತಾರೆ, ಒಳಗೆ ಮಾತ್ರ ಹೋಗುವುದಿಲ್ಲ. "ಟೀಚರಮ್ಮ ಇಳಿದ ದಿನ ನಾನೂ ಇಳೀತೀನಿ" ಎಂದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಜನವೆಂದರೆ ಅವರೂ ಅಲ್ಲವೇ?

ನನ್ನ ಬೇಡಿಕೆ ಸಣ್ಣದು. ಅಕ್ಕನನ್ನು ನೀರಿಗೆ ಮರಳಿಸಿ. ಯಾಕೆಂದರೆ ಮೊನ್ನೆ ಅವಳು ನನ್ನ ಹೊಲಿಗೆ ಅಂಗಡಿಗೆ ಬಟ್ಟೆ ತಂದಳು. ಉರಿಬೇಸಿಗೆಯಲ್ಲಿ, ಎಂದೂ ಕೈ ಮುಚ್ಚಿಕೊಳ್ಳದವಳು, "ತೋಳು ಮಣಿಕಟ್ಟಿನವರೆಗೂ ಇರ್ಲಿ ಕಣೇ" ಎಂದಳು. ಅಳತೆ ತೆಗೆದುಕೊಂಡೆ. ಕತ್ತರಿ ಹಾಕಿಲ್ಲ. ತಮ್ಮ ಆದೇಶ ಬರಲಿ ಎಂದು ಕಾಯುತ್ತಿದ್ದೇನೆ.

ಇಂತಿ,
ಸದ್ಯಕ್ಕೆ ಕಿಡಿ ತಾಗದಿರುವ ತಂಗಿ