ಎರಡನೇ ದೋಣಿಗೆ ಸಹಿ

ಮಾರ್ಚ್ 9, ಬೆಳಿಗ್ಗೆ 8
ಧ್ವಜ ಏರಿತು. ಸೆಲ್ಯೂಟ್ ಆಯಿತು. ನಮ್ಮ ನೌಕಾಪಡೆಗೆ ಎರಡು ದೋಣಿ. ಒಂದು ಓಡುತ್ತದೆ, ಇನ್ನೊಂದರ ಬಿಡಿಭಾಗ ತಿಂದುಕೊಂಡು. ಕಮಡೋರ್ ಎದೆಯ ಮೇಲೆ ಹನ್ನೊಂದು ಪದಕ... ಯಾವ ಯುದ್ಧದ್ದೋ. ಹದಿನೆಂಟಕ್ಕೆ ಸೇನಾ ದಿನ. ಅಧ್ಯಕ್ಷರ ಮುಂದೆ ಎರಡೂ ಸಾಗಬೇಕಂತೆ.
"ಒಂದೇ ದೋಣಿ ಎರಡು ಸಲ ಹೋದ್ರೆ, ಸರ್?"
ಕಮಡೋರ್ ನಗಲಿಲ್ಲ.

ಮಾರ್ಚ್ 16
ತಪಾಸಣೆ ಅಧಿಕಾರಿ ನಾನು. ತೇಪೆ ಹಾಕಿ ಓಡುವಂತೆ ಮಾಡಿದ ಎರಡನೇ ದೋಣಿಗೆ ಫಾರಂ ಹಿಡಿದು ಹೋದೆ. ಎಂಜಿನ್ ಮೇಸ್ತ್ರಿ ಲತೀರ್ ಫಾಯ್ ಮೇಲೆ ಬಂದ, ಮೊಣಕೈವರೆಗೆ ಗ್ರೀಸು. ಅವನು ಸೆರೆರ್ ಬುಡಕಟ್ಟಿನವನು, ನಾನು ಜೋಲಾ. ಅಜ್ಜಂದಿರ ಕಾಲದಿಂದ ಎರಡೂ ಕುಲಕ್ಕೆ ತಮಾಷೆಯ ನೆಂಟಸ್ತಿಕೆ. ಎಷ್ಟು ಬೈದರೂ ಸಿಟ್ಟಾಗುವಂತಿಲ್ಲ.
"ಲೇ ಸಾಂಬು, ಅನ್ನದ ಹೊಟ್ಟೆ! ಸಹಿ ಹಾಕ್ಬೇಡ ಕಣೋ. ತಳ ಬಿಟ್ಕೊಂಡಿದೆ. ನಿಮ್ಮ ಜೋಲಾಗಳು ಭತ್ತ ನಾಟಿ ಮಾಡ್ಬೋದು, ಅಷ್ಟು ನೀರಿದೆ ಒಳಗೆ."
"ನನ್ನ ಗುಲಾಮ ನೀನು. ಬಾಯ್ಮುಚ್ಕೊಂಡು ಪಂಪ್ ಹೊಡಿ."
"ಹೊಡೀತೀನಿ ಧಣಿ. ಪರೇಡ್ ದಿನ ನೀನೂ ಕೆಳಗೆ ಬಾ, ಜೊತೆಗೆ ಸಾಯೋಣ."
ನಕ್ಕೆವು. ಅವನು ಮೊದಲು ನಿಲ್ಲಿಸಿದ. ನಾನು ಕೆಳಗಿಳಿದು ನೋಡಲಿಲ್ಲ — ಸಮವಸ್ತ್ರ ಆಗಷ್ಟೇ ಇಸ್ತ್ರಿಯಾಗಿತ್ತು. 'ಯಾನಕ್ಕೆ ಯೋಗ್ಯ'. ಸಹಿ.

ಮಾರ್ಚ್ 18, ಸಂಜೆ
ಎರಡನೇ ದೋಣಿ ವೇದಿಕೆಯ ಎದುರಿಗೇ ವಾಲಿತು. ನಿಲ್ಲಿಸಲು ಯಾರೂ ಹೇಳಲಿಲ್ಲವೆಂದು ಬ್ಯಾಂಡ್ ಬಾರಿಸುತ್ತಲೇ ಇತ್ತು. ಮೊದಲ ದೋಣಿ ಸೆಲ್ಯೂಟ್ ಹೊಡೆಯುತ್ತ ಮುಂದೆ ಹೋಯಿತು; ಆದೇಶ ಹಾಗಿತ್ತು. ಮೀನುಗಾರರು ಐವರನ್ನು ಎತ್ತಿದರು.
ಲತೀರ್ ಕೆಳಗೆ ಪಂಪಿನ ಬಳಿ ಇದ್ದ.

ಮಾರ್ಚ್ 25
ವಿಚಾರಣೆ. ಹನ್ನೆರಡು ನಿಮಿಷ. ಬಿಸ್ಕತ್ತು, ಚಹಾ.
"ಯಾರೂ ಎಚ್ಚರಿಸಲಿಲ್ವಾ?" ಕಮಡೋರ್ ಕೇಳಿದರು.
"ಫಾಯ್ ಹೇಳಿದ್ದ, ಸರ್. ತಮಾಷೆ ಅಂದ್ಕೊಂಡೆ."
"ಓ, ನಿಮ್ಮ ಜೋಲಾ-ಸೆರೆರ್ ಜಗಳ! ಅದನ್ನೆಲ್ಲ ಬರೀಬೇಡ್ರಿ," ಗುಮಾಸ್ತನಿಗೆ ಹೇಳಿ ನಕ್ಕರು.
ನಾನೂ ನಕ್ಕೆ. ಅದನ್ನು ಇಲ್ಲಾದರೂ ಬರೆದಿಡಬೇಕು.
ವರದಿಯಲ್ಲಿ ಕಾರಣ: ಅಲೆ. ಅಂದು ಅಲೆಯೇ ಇರಲಿಲ್ಲ.

ಏಪ್ರಿಲ್ 27
ನಲವತ್ತನೇ ದಿನದ ಪ್ರಾರ್ಥನೆ. ಲತೀರ್ ಮನೆಗೆ ಹೋದೆ. ಸಾವಿನ ಮನೆಯಲ್ಲೂ ಬೈದು ನಗಿಸುವುದು ನಮ್ಮಂಥ ನೆಂಟರ ಕೆಲಸ. ಸತ್ತವನನ್ನು ಸೋಮಾರಿ ಎನ್ನಬೇಕು, ಅವನ ಹೆಂಡತಿ ನನ್ನನ್ನು ಕಳ್ಳ ಎನ್ನಬೇಕು. ಅಂಗಳದಲ್ಲಿ ಎಲ್ಲರೂ ಕಾದರು. ನಾನು ಟೋಪಿ ತೆಗೆದು, ಪರಕೀಯನಂತೆ ಸಂತಾಪ ಹೇಳಿದೆ.
ಅವನ ಹೆಂಡತಿ ತೆನಿಂಗ್ ಕುರ್ಚಿ ತಂದಿಟ್ಟಳು. ಇಪ್ಪತ್ತು ವರ್ಷ ಕಂಡಲ್ಲೆಲ್ಲ ನನ್ನನ್ನು ಬೈದವಳು.
"ಕೂತ್ಕೊಳ್ಳಿ, ಆಫೀಸರ್."
ಕೂತೆ. ನೀರು ಕೊಟ್ಟಳು. ಕುಡಿದೆ.
"ಅವರು ನಿಮಗೆ ಏನಾದ್ರೂ ಹೇಳಿದ್ರಾ?" ಎಂದಳು.
ನಾನು ಲೋಟ ಕೆಳಗಿಟ್ಟು, "ಸಹಿ ಹಾಕ್ಬೇಡ ಅಂದಿದ್ದ. ಹಾಕ್ದೆ," ಎಂದೆ.