ಹೆಣ್ಣಿಗೆ ಎಡಗೈ

8 ನವೆಂಬರ್ 2003, ಬೆಳಗ್ಗೆ

ಎರಡನೇ ಕಾಫಿ. ಇವರು ಪೇಪರ್ ಹಿಡಿದು ವರಾಂಡದಲ್ಲಿ. ಇಂಚರಳಿಗೆ ಜಡೆ ಹಾಕಿ ಮುಗಿಸಿದೆ. ಇಪ್ಪತ್ತೆರಡರ ಮಗಳಿಗೆ ಅಮ್ಮನ ಕೈ ಜಡೆ! ತಲೆ ಬಾಚಲು ತೋಳೆತ್ತಿದರೆ ಎಡಗೈ ಸೋಲುತ್ತದಂತೆ. ಜರಗನಹಳ್ಳಿಯಲ್ಲಿ ಮೆಜೆಸ್ಟಿಕ್ ಬಸ್ ಹತ್ತಿ ಮೇಲಿನ ಕಂಬಿ ಹಿಡಿದರೆ ಬನಶಂಕರಿ ಬರುವಷ್ಟರಲ್ಲಿ ಜೋಮು. ಎಂ.ಎಸ್ಸಿ. ಗಣಿತದ ಪುಸ್ತಕಗಳ ಭಾರ ಇರಬೇಕು. ತಲೆಸುತ್ತು, ಸುಸ್ತೂ ಇದೆ.

ಸಂಜೆ

ಡಾಕ್ಟರ್ ಕರಿಬಸವಯ್ಯನವರಿಗೆ ತೋರಿಸಿ ಬಂದೆವು. ಅವಳ ಮೊದಲ ಜ್ವರಕ್ಕೂ ಅವರೇ. ಅವರ ತಂದೆ ನಂಜನಗೂಡಿನ ಕಡೆ ನಾಡಿ ಪಂಡಿತರು. ಮಗ ಎಂಬಿಬಿಎಸ್ ಓದಿದರೂ ಮೊದಲು ಕೈ ಹಿಡಿದು ಕಣ್ಣು ಮುಚ್ಚುತ್ತಾರೆ, ಆಮೇಲೆ ಬಿಪಿ ಮೆಷಿನ್.

ಇಂಚರ ಬಲಗೈ ಚಾಚಿದಳು.

“ಆ ಕೈ ಅಲ್ಲ ಕಣಮ್ಮ. ಗಂಡಿಗೆ ಬಲ, ಹೆಣ್ಣಿಗೆ ಎಡ.”

“ಅಂಕಲ್, ರಕ್ತಕ್ಕೂ ಲೇಡೀಸ್ ಸೀಟ್ ಇದ್ಯಾ?”

ಅವರಿಗೆ ನಗು ತಡೆಯಲಾಗಲಿಲ್ಲ. ಎಡಗೈ ಹಿಡಿದು ಕಣ್ಣು ಮುಚ್ಚಿದರು. “ನಾಡಿ ತುಂಬ ಸಣ್ಣ. ತಾವರೆ ದಂಟು ಮುರಿದ್ರೆ ಎಳೆ ಬರುತ್ತಲ್ಲ, ಹಾಗಿದೆ.” ಅದೇ ತೋಳಿಗೆ ಪಟ್ಟಿ ಸುತ್ತಿದರು. ತೊಂಬತ್ತು, ಅರವತ್ತು. “ಲೋ ಬಿಪಿ. ಅದಕ್ಕೇ ತಲೆಸುತ್ತು, ಸುಸ್ತು. ಉಪ್ಪು ಜಾಸ್ತಿ ಕೊಡಿ ಅನ್ನಪೂರ್ಣಮ್ಮ. ಮಜ್ಜಿಗೆ, ನಿಂಬೆ ಪಾನಕ, ಉಪ್ಪಿನಕಾಯಿ. ಈ ವಯಸ್ಸಿನ ಹೆಣ್ಮಕ್ಳು ಊಟಾನೇ ಮಾಡಲ್ಲ.”

ತಾವರೆಯ ಎಳೆ... ದಾರಿಯುದ್ದಕ್ಕೂ ನಾಲಿಗೆಯ ಮೇಲಿತ್ತು. ಎಂಥ ಚೆಂದದ ಮಾತು.

23 ನವೆಂಬರ್

ಮಜ್ಜಿಗೆ — ದಿನಕ್ಕೆ ಮೂರು ಲೋಟ. ಕಲ್ಲುಪ್ಪು ಕುಟ್ಟಿ ಇಟ್ಟಿದ್ದೇನೆ. ಎರಡನೇ ಚಿಟಿಕೆಗೆ ಲೋಟದ ಬಾಯಿಗೆ ಅಂಗೈ ಅಡ್ಡ ಇಡುತ್ತಾಳೆ, ಊಟದೆಲೆಗೆ ಇಡುವ ಹಾಗೆ.

“ಸಾಕಮ್ಮ. ನನ್ನನ್ನೇ ಜಾಡಿಗೆ ಹಾಕ್ಬಿಡು, ಮುಂದಿನ ವರ್ಷಕ್ಕಾಗ್ತೀನಿ.”

ಕೈ ಸರಿಸಿ ಹಾಕಿದೆ. ಕುಡಿದಳು. ನನ್ನ ಮಾತಿಗಲ್ಲ, ನನ್ನ ಮುಖ ನೋಡಿ.

19 ಡಿಸೆಂಬರ್

ಮತ್ತೆ ಕ್ಲಿನಿಕ್. ಬೆಳಗಿನ ಹೊತ್ತು ತಲೆನೋವು. ಸಂಜೆ ಸಣ್ಣ ಜ್ವರ. ಕತ್ತಿನ ಪಕ್ಕ ಮುಟ್ಟಿದರೆ ನೋವು. ಎಡಗೈಗೇ ಪಟ್ಟಿ. ಎಂಬತ್ತೆಂಟು. “ಇನ್ನೂ ಏರಿಲ್ಲ ನೋಡಿ.” ಟಾನಿಕ್ ಬರೆದರು. ಉಪ್ಪು ಮುಂದುವರಿಸಿ ಅಂದರು.

ಕಾಲೇಜಿನಲ್ಲಿ ಇವತ್ತು ಅನೇಕಾರ್ಥ ಪದಗಳ ಪಾಠ. ಹುಡುಗಿಯರು ಅರ್ಧ ನಿದ್ದೆಯಲ್ಲಿದ್ದರು. ‘ಸಾಕು’ ಎಂದು ಬೋರ್ಡಿನ ಮೇಲೆ ಬರೆದೆ. ಸಾಕು ಅಂದರೆ ಇನ್ನು ಬೇಡ. ಸಾಕು ಅಂದರೆ ಸಲಹು. ಒಬ್ಬಳು ಕೇಳಿದಳು: “ಹಾಗಾದ್ರೆ ‘ಸಾಕಿ ಸಾಕಾಯ್ತು’ ಅಂತ ನಮ್ಮಮ್ಮ ಹೇಳೋದು ಗ್ರಾಮರ್ ಪ್ರಕಾರ ಕರೆಕ್ಟಾ ಮೇಡಂ?” ತರಗತಿ ಪೂರ್ತಿ ಎಚ್ಚರವಾಯಿತು.

16 ಜನವರಿ 2004

ಎಳ್ಳು ಬೀರಲು ಹೊರಟವಳು ಎದುರುಮನೆಯ ಮಹಡಿ ಹತ್ತಲಾರದೆ ಮೆಟ್ಟಿಲ ಮೇಲೆ ಕೂತಳು. ಏದುಸಿರು. ಕಾಲು ಸ್ವಲ್ಪ ಊದಿದೆ. ಅಕ್ಷರ ಮಂಜಾಗಿ ಕಾಣುತ್ತದಂತೆ. ಕನ್ನಡಕ ಬೇಕೇನೋ. ಇವರು ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಅಂದರು. ಸೋಮವಾರ ಅವಳಿಗೆ ಟೆಸ್ಟ್. ಇನ್ನೊಂದು ವಾರ ನೋಡೋಣ ಅಂದಳು.

ನೋಡೋಣ.

4 ಫೆಬ್ರವರಿ

ಐಸಿಯು.

7 ಫೆಬ್ರವರಿ, ಬನ್ನೇರುಘಟ್ಟ ರಸ್ತೆ, ಆಸ್ಪತ್ರೆ

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಮೂರನೇ ತಾರೀಕು ಬೆಳಗ್ಗೆ. ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಮಾತಲ್ಲ. ಬಲಗಾಲು ಕುಸಿಯಿತು. ಮಜ್ಜಿಗೆ ಲೋಟ ನನ್ನ ಕೈಯಲ್ಲೇ ಇತ್ತು.

ಇಲ್ಲಿ ನರ್ಸ್ ಮೊದಲು ಎಡಗೈಗೇ ಪಟ್ಟಿ ಕಟ್ಟಿದಳು. ತೊಂಬತ್ತು. ನಾನೇ ಹೇಳಿದೆ — “ಅವಳಿಗೆ ಮೊದಲಿಂದ ಲೋ ಬಿಪಿ.” ಆಮೇಲೆ ಎಡಗೈಗೆ ಡ್ರಿಪ್ ಹಾಕಿದ್ದರಿಂದ ಪಟ್ಟಿ ಬಲಗೈಗೆ ಹೋಯಿತು. ಇನ್ನೂರ ಮೂವತ್ತು. ಮೆಷಿನ್ ಕೆಟ್ಟಿದೆ ಎಂದು ನರ್ಸ್ ಇನ್ನೊಂದು ತಂದಳು. ಇನ್ನೂರ ಮೂವತ್ತೆರಡು.

ಆಮೇಲೆ ಎಲ್ಲರೂ ಓಡಿದರು.

10 ಫೆಬ್ರವರಿ

ಡಾಕ್ಟರ್ ಜಯದೇವಿ ಕಾಗದದ ಮೇಲೆ ಹೃದಯ ಬರೆದು, ಅದರಿಂದ ಕೊಂಬೆಗಳ ಹಾಗೆ ರಕ್ತನಾಳ ಎಳೆದು ತೋರಿಸಿದರು. ದೊಡ್ಡ ರಕ್ತನಾಳಗಳ ಗೋಡೆ ಒಳಗೊಳಗೇ ಊದಿಕೊಳ್ಳುವ ಕಾಯಿಲೆ. ಯಾಕೆ ಬರುತ್ತದೆ ಗೊತ್ತಿಲ್ಲ. ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೇ. ಎಡತೋಳಿನ ನಾಳ ಹೆಚ್ಚೂಕಡಿಮೆ ಮುಚ್ಚಿದೆ. ಅದಕ್ಕೇ ಜೋಮು, ಅದಕ್ಕೇ ಅಲ್ಲಿ ಬಿಪಿ ಕಡಿಮೆ. ಕಿಡ್ನಿಯ ನಾಳಗಳೂ ಕಿರಿದಾಗಿವೆ. ಅದರಿಂದ ಮೈಯ ಉಳಿದ ಕಡೆಯೆಲ್ಲ ಒತ್ತಡ ಏರಿ ಮಿದುಳಿನ ಎಡಭಾಗದಲ್ಲಿ ನಾಳ ಒಡೆದಿದೆ. ಮಾತಿನ ಜಾಗ. ಹೃದಯ ಹಿಗ್ಗಿದೆ. ಶ್ವಾಸಕೋಶದಲ್ಲಿ ನೀರು.

“ಮನೇಲಿ ಉಪ್ಪು ಹೇಗೆ ತಿಂತಿದ್ಲು?”

ಇವರು ನನ್ನ ಕಡೆ ನೋಡಲಿಲ್ಲ. ನೋಡಬಹುದಿತ್ತು.

“ದಿನಕ್ಕೆ ಮೂರು ಲೋಟ” ಅಂದೆ.

ಡಾಕ್ಟರು ಪೆನ್ನಿಗೆ ಕ್ಯಾಪ್ ಹಾಕಿದರು. “ಉಪ್ಪಿಂದ ಕಾಯಿಲೆ ಬಂದಿಲ್ಲ ಮೇಡಂ.” ಅಷ್ಟೇ. ಉಳಿದರ್ಧ ಹೇಳಲಿಲ್ಲ. ಕರುಣೆ.

24 ಫೆಬ್ರವರಿ

ವಾರ್ಡಿಗೆ ತಂದರು. ಬಲಗೈ, ಬಲಗಾಲು ಅಲ್ಲಾಡುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಮೂರು ದಿಂಬು ಒರಗಿಸಿ ಕೂರಿಸುತ್ತೇವೆ. ಸ್ಟೀರಾಯ್ಡಿಗೆ ಮುಖ ಊದಿ ಹುಣ್ಣಿಮೆಯಾಗಿದೆ.

ಬಿಪಿ ನೋಡುವುದು ಈಗ ಬಲಗೈಯಲ್ಲೇ. ಆಡುವ ಕೈ ಸುಳ್ಳು ಹೇಳುತ್ತದೆ. ಸತ್ಯ ಇರುವುದು ಆಡದ ಕೈಯಲ್ಲಿ.

ರಾತ್ರಿ ಓದಲೆಂದು ಕವನ ಸಂಕಲನ ತಂದಿದ್ದೆ. ತೆರೆದರೆ ಹೋಲಿಕೆಗಳು. ಎಲ್ಲವೂ ಇನ್ನೊಂದರ ಹಾಗೆ, ಇನ್ನೊಂದರ ಹಾಗೆ. ಮುಚ್ಚಿ ಚೀಲದ ತಳಕ್ಕೆ ಹಾಕಿದೆ.

2 ಮಾರ್ಚ್

ಮಾತಾಡಿದಳು.

ಬೆಳಗ್ಗೆ ಗಂಜಿ ಕುಡಿಸುತ್ತಿದ್ದೆ. “ಸಾಕು.” ಸ್ಪಷ್ಟವಾಗಿ. ಚಮಚ ಕೆಳಗೆ ಬಿತ್ತು. ಕಾರಿಡಾರಿನಲ್ಲಿದ್ದ ಇವರನ್ನು ಕೂಗಿದೆ. “ಅಪ್ಪನ್ನ ಕರಿ, ಅಪ್ಪ ಅನ್ನು” ಅಂದರು ಇವರು. “ಸಾಕು.” “ಹೆಸರು ಹೇಳು ಪುಟ್ಟಾ.” “ಸಾಕು.” ನೋವಿದೆಯಾ? ಸಾಕು. ನೀರು? ಸಾಕು. ಕಿಟಕಿ ತೋರಿಸಿ, ಅಳುತ್ತ, ನಗುತ್ತ — ಸಾಕು, ಸಾಕು.

ಹೀಗೂ ಆಗುತ್ತದಂತೆ. ಎಲ್ಲ ಶಬ್ದ ಹೋಗಿ ಒಂದು ಉಳಿಯುತ್ತದೆ. ನಾವು ಹೇಳುವುದು ಅವಳಿಗೆ ತಿಳಿಯುತ್ತದೆ, ತಿರುಗಿ ಹೇಳಲು ಇರುವುದು ಅದೊಂದೇ. ಯಾವುದು ಉಳಿಯಬೇಕೆಂದು ಯಾರು ಆರಿಸುತ್ತಾರೋ.

21 ಮಾರ್ಚ್

ಕರಿಬಸವಯ್ಯನವರು ಬಂದಿದ್ದರು. ಇವರು ಎದ್ದು ಹೊರಗೆ ಹೋದರು. “ವೆಂಕಟಾಚಲ...” ಎಂದು ಕರೆದರು ಡಾಕ್ಟರು. ನಿಲ್ಲಲಿಲ್ಲ.

ಹಾಸಿಗೆಯ ತುದಿಯಲ್ಲಿ ಕೂತು, ಮೊದಲ ಸಲ, ಅವಳ ಎರಡೂ ಮಣಿಕಟ್ಟು ಒಟ್ಟಿಗೆ ಹಿಡಿದರು. ಕಣ್ಣು ಮುಚ್ಚಲಿಲ್ಲ.

“ಹೀಗೆ ಹಿಡಿದಿದ್ರೆ ಅರ್ಧ ನಿಮಿಷ ಸಾಕಾಗ್ತಿತ್ತು ಅನ್ನಪೂರ್ಣಮ್ಮ. ಹೆಣ್ಣಿಗೆ ಎಡ ಅಂತ ಅಪ್ಪ ಕಲ್ಸಿದ್ದು. ಎಳೆ ಅಂದ್ಕೊಂಡೆ. ಅಲ್ಲಿ ನಾಡೀನೇ ಇರ್ಲಿಲ್ಲ.”

“ಸಾಕು” ಅಂದಳು ಇಂಚರ.

ಅವರು ಅದನ್ನು ತಮಗೇ ಹೇಳಿದ್ದೆಂದುಕೊಂಡರು. ಕೈಬಿಟ್ಟು ಎದ್ದರು. ಅದು ಹಾಗಲ್ಲ, ಅವಳಿಗೆ ಅದೊಂದೇ ಬರುವುದು ಎಂದು ನಾನು ವಿವರಿಸಬಹುದಿತ್ತು. ವಿವರಿಸಲಿಲ್ಲ.

15 ಏಪ್ರಿಲ್

ರಕ್ತನಾಳದ ಊತ ಇಳಿದಿದೆಯಂತೆ. ಕಾಯುವ ಹಾಗಿಲ್ಲ, ಹೃದಯ ದಣಿಯುತ್ತಿದೆ. ಡಾಕ್ಟರ್ ಜಯದೇವಿ ನೇರ ಅವಳಿಗೇ ಹೇಳಿದರು.

“ಇಂಚರ, ಕಿಡ್ನಿಯ ರಕ್ತನಾಳಕ್ಕೆ ಬಲೂನ್ ಹಾಕಿ ಅಗಲ ಮಾಡ್ತೀವಿ. ಬಲಗಡೇದು ಆಗ್ಬಹುದು. ಎಡಗಡೇದು ಆಗಲ್ಲ, ಪೂರ್ತಿ ಮುಚ್ಚಿದೆ. ಮಾಡುವಾಗ ನಾಳ ಹರೀಬಹುದು, ಜೀವಕ್ಕೂ ಅಪಾಯ ಇದೆ. ಮಾಡದಿದ್ರೆ ಇನ್ನೊಂದು ಸ್ಟ್ರೋಕ್ ಆಗ್ಬಹುದು. ಮಾತು ಇದ್ರಿಂದ ವಾಪಸ್ ಬರಲ್ಲ. ಮಾಡ್ಲಾ?”

“ಸಾಕು.”

“ಅವಳಿಗೆ ಅದೊಂದೇ ಬರೋದು ಡಾಕ್ಟ್ರೇ. ನಾನು ಸೈನ್ ಹಾಕ್ತೀನಿ” ಅಂದರು ಇವರು.

“ಬೇಡ. ನಾಳೆವರೆಗೆ ಕೊಡಿ” ಅಂದೆ ನಾನು.

ಕಾರಿಡಾರಿನಲ್ಲಿ ಜಗಳ. ಇಪ್ಪತ್ತೈದು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಎತ್ತಿದವರಲ್ಲ.

“ಅವಳು ನಿಜವಾಗ್ಲೂ ಬೇಡ ಅಂದ್ರೆ ಬಿಟ್ಬಿಡ್ತೀಯಾ?”

“ಗೊತ್ತಿಲ್ಲ. ಆದ್ರೆ ಅವಳು ಸಾಕು ಅಂದಾಗೆಲ್ಲ ನಾನು ಕೈ ಸರಿಸಿ ಹಾಕಿದೀನಿ. ಇನ್ನೊಂದ್ಸಲ ಆಗಲ್ಲ.”

“ನಿನ್ನ ವ್ಯಾಕರಣದಲ್ಲಿ ಮಗು ಹೋಗ್ಬಿಡುತ್ತೆ ಕಣೇ.”

16 ಏಪ್ರಿಲ್

ಉಪ್ಪಿಲ್ಲದ ಮಜ್ಜಿಗೆ ಬಗ್ಗಿಸುತ್ತಿದ್ದೆ. ಮೊದಲ ಹನಿಗೇ “ಸಾಕು” ಅಂದಳು. ಎಡಗೈ ಮಡಿಲಲ್ಲೇ ಇತ್ತು. ಬಗ್ಗಿಸಿದೆ. ಮತ್ತೆ “ಸಾಕು.” ಕೈ ಮಡಿಲಲ್ಲೇ. ಮುಕ್ಕಾಲು ಲೋಟಕ್ಕೆ ಕೈ ಎದ್ದಿತು. ಲೋಟದ ಬಾಯಿಗೆ ಅಂಗೈ ಅಡ್ಡ ಬಂತು. “ಸಾಕು.”

ಶಬ್ದ ಒಂದೇ. ಕೈ ಬೇರೆ.

ಮಧ್ಯಾಹ್ನ ಇನ್ನೊಂದು ಲೋಟ ಬಗ್ಗಿಸಿ ನೋಡಿದೆ. ಹಾಗೇ.

ಪಕ್ಕದಲ್ಲಿ ಕೂತು ಎಲ್ಲ ಮತ್ತೆ ಹೇಳಿದೆ. ಬಲೂನ್, ಅಪಾಯ, ಮಾತು ಬಾರದಿರುವುದು. ಸಿಹಿ ಸವರಲಿಲ್ಲ. “ಬೇಡ ಅಂದ್ರೆ ನಾನು ಅಪ್ಪನ ಹತ್ರ ಮಾತಾಡ್ತೀನಿ. ನಿನ್ನಾಣೆ.”

“ಸಾಕು.”

ಕೈ ನೋಡಿದೆ. ಅಡ್ಡ ಬರಲಿಲ್ಲ. ತಿರುಗಿತು, ಅಂಗೈ ಮೇಲಾಯಿತು. ಇನ್ನೊಂದು ತುತ್ತು ಬಡಿಸು ಎನ್ನುವ ಹಾಗೆ ಚಾಚಿದಳು.

ನವೆಂಬರಿನಲ್ಲಿ ಕ್ಲಿನಿಕ್ಕಿನಲ್ಲಿ ಚಾಚಿದ್ದು ಬಲಗೈ. ಆ ಕೈ ಅಲ್ಲ ಅಂದೆವು.

ಸಂಜೆ ಒಪ್ಪಿಗೆಯ ಕಾಗದಕ್ಕೆ ಎಡ ಹೆಬ್ಬೆಟ್ಟು ಒತ್ತಿದಳು. ಗಣಿತದ ಹುಡುಗಿ. ಬೆರಳಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಪೂರ್ತಿ ಹೋಗಲಿಲ್ಲ.

18 ಏಪ್ರಿಲ್, ಸಂಜೆ

ನಾಳೆ ಬೆಳಗ್ಗೆ ಮೊದಲ ಕೇಸ್ ಇವಳದೇ. ಕೂದಲು ಸಿಕ್ಕಾಗಿತ್ತು, ಎಣ್ಣೆ ಮುಟ್ಟಿಸಿ ಎರಡು ಜಡೆ ಹಾಕಿದೆ. ಇವರು ಸೊಳ್ಳೆಬತ್ತಿ ತರಲು ಕೆಳಗೆ ಹೋಗಿದ್ದಾರೆ. ಒಂದು ಡಬ್ಬಿಗೆ ಇಷ್ಟು ಹೊತ್ತೇ? ಎಲ್ಲೋ ನಿಂತು ಅಳುತ್ತಿರಬೇಕು.

ದಿಂಬಿಗೆ ಒರಗಿ ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಓದಲು ಬರುತ್ತದೋ ಇಲ್ಲವೋ ತಿಳಿಯದು. ಉಸಿರಿನ ಸದ್ದು ಇಲ್ಲಿಗೆ ಕೇಳುತ್ತದೆ. ನೀರು ಕುದಿಯುವ ಮುಂಚಿನ ಸದ್ದು.

ಉಪ್ಪಿಂದ ಕಾಯಿಲೆ ಬಂದಿಲ್ಲ, ಸರಿ. ಆದರೆ ಏರಿದ ಒತ್ತಡದ ಮೇಲೆ ದಿನಕ್ಕೆ ಮೂರು ಲೋಟ, ಮೂರು ತಿಂಗಳು. ಅವಳು ಅಡ್ಡ ಇಟ್ಟ ಕೈಯನ್ನು ನನ್ನ ಈ ಕೈಯಿಂದಲೇ ಸರಿಸಿ. ಕಲ್ಲುಪ್ಪು ಕುಟ್ಟುವಾಗ ಹಾಡು ಬೇರೆ ಗುನುಗುತ್ತಿದ್ದೆ. ಆ ಉಪ್ಪಿನ ಡಬ್ಬಿ ಇನ್ನೂ ಒಲೆಯ ಪಕ್ಕದಲ್ಲೇ ಇದೆ, ಅರ್ಧ ಉಳಿದಿದೆ. ಅದನ್ನು ಕಂಡಾಗೆಲ್ಲ ನನಗೆ

“ಸಾಕು” ಅಂದಳು.

ಲೋಟ ಅತ್ತ ಸ್ಟೂಲಿನ ಮೇಲಿದೆ. ಕೈ ಎದ್ದಿದೆ. ಲೋಟದ ಕಡೆಗಲ್ಲ, ಇತ್ತ ಬರುತ್ತಿದೆ. ಹೆಬ್ಬೆರಳಲ್ಲಿ ಮಸಿ ಹಾಗೇ ಇದೆ. ಪುಟದ ಮೇಲೆ ಅಂಗೈ ಅಡ್ಡ ಇಟ್ಟಳು. ಸರಿಸಲಾರೆ. ಬೆರಳ ಸಂದಿಯಲ್ಲಿ ಇಷ್ಟೇ ಜಾ