ಕೂದಲು ಕೀಳುವ ಕೈ

ನನ್ನ ಪಕ್ಕದ ಮನೆಯ ಸಿದ್ದಮ್ಮಜ್ಜಿಗೆ,

ಅಕ್ಷರ ಸೊಟ್ಟಸೊಟ್ಟಗಿದೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮೂರು ತಮಿಳುನಾಡಿಗೆ ಸೇರಿದ್ದಲ್ಲವಾ, ಐದನೆಯ ಕ್ಲಾಸಿನವರೆಗೆ ನಾನು ಕಲಿತದ್ದು ತಮಿಳಿನಲ್ಲಿ. ಕನ್ನಡ ಬರೆಯಲು ಬಂದದ್ದು ಗುಂಡ್ಲುಪೇಟೆಯ ಚಿಕ್ಕಪ್ಪನ ಮಗಳ ಹಳೆಯ ಪುಸ್ತಕಗಳಿಂದ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಾಗುವುದಿಲ್ಲ. ನಿನಗೂ ಓದಲು ಬರುತ್ತಿರಲಿಲ್ಲವಲ್ಲ, ಅದೇ ಧೈರ್ಯ.

ನಾನು ಶಾಲೆ ಬಿಟ್ಟ ದಿನ ನಿನಗೆ ನೆನಪಿದೆಯಾ? ಹಿಂದಿನ ಬೆಂಚಿನವರು ನನ್ನ ನೆತ್ತಿಯ ಬೋಳು ಜಾಗಕ್ಕೆ ಪೆನ್ಸಿಲ್ ಚುಚ್ಚಿ ‘ಮೊಟ್ಟೈ, ಮೊಟ್ಟೈ’, ಬೋಳುತಲೆ, ಎಂದು ಕೂಗಿದ್ದರು. ನನ್ನ ಕೂದಲನ್ನು ನಾನೇ ಕೀಳುತ್ತೇನೆಂದು ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವ್ವ ಕೈಗೆ ಹೊಡೆದಳು, ಅತ್ತಳು, ಕೊನೆಗೆ ಮಾದಪ್ಪನಿಗೆ ಮುಡಿ ಹರಕೆ ಹೊತ್ತು ತಲೆ ಬೋಳಿಸಿದಳು. ಕೀಳಲು ಕೂದಲೇ ಇಲ್ಲದ ಆ ಕೆಲವು ತಿಂಗಳು ಎಲ್ಲರೂ ದೇವರು ಕಣ್ಣು ಬಿಟ್ಟ ಎಂದರು. ಬೆರಳಿಗೆ ಸಿಗುವಷ್ಟು ಬೆಳೆದ ದಿನವೇ ಕೈ ಮತ್ತೆ ಮೇಲೆ ಹೋಯಿತು. ಆಮೇಲೆ ನಾನು ಹರಕೆ ಕೆಡಿಸಿದವಳೂ ಆದೆ. ನಾಚಿಕೆ ಹೆಚ್ಚಿದಷ್ಟೂ ಕೀಳುವುದು ಹೆಚ್ಚಾಯಿತು. ಅದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು...

ನೀನು ನನ್ನನ್ನು ಹುಣಿಸೆ ಕೆಲಸಕ್ಕೆ ಕರೆದದ್ದು ಆಮೇಲಿನ ಒಂದು ಬೇಸಿಗೆಯಲ್ಲಿ. ನಿನ್ನ ಜಗಲಿಯಲ್ಲಿ ಐದಾರು ಹೆಂಗಸರು ಸಿಪ್ಪೆ ಒಡೆದು ಬೀಜ ಬಡಿಯುತ್ತಿದ್ದರು. ನೀನು ನನ್ನ ಮುಂದೆ ಒಂದು ಗುಡ್ಡೆ ಸುರಿದು, "ನಾರು ನೀನೇ ಎಳಿ ಕೂಸೇ. ಎಳೆಯೋ ಕೈ ಅಲ್ವಾ, ಚೆನ್ನಾಗಿ ಬತ್ತದೆ" ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೆ ನಿನ್ನ ಮುಖದಲ್ಲಿ ಗೇಲಿ ಇರಲಿಲ್ಲ. ಮಧ್ಯಾಹ್ನ ಕೆಲಸದ ಕೆಂಪಮ್ಮ ನನ್ನ ತಲೆ ನೋಡಿ, "ಏನಮ್ಮಿ, ತಲೆಗೂ ಹುಳಿ ಹಾಕಿದ್ದೀಯೆ! ಸಾರು ಮಾಡೀಯಾ?" ಎಂದು ನಕ್ಕಳು. ಮುಟ್ಟಿ ನೋಡಿದರೆ ನೆತ್ತಿಯ ಕೂದಲಿಗೆಲ್ಲ ಹುಣಿಸೆಹಣ್ಣು ಮೆತ್ತಿತ್ತು. ಕೈ ಯಾವಾಗ ಹೋಗಿತ್ತೋ! "ಸುಮ್ಕಿರು ಕೆಂಪಿ, ನಿನ್ನ ಬಾಯಿಗೆ ಹಾಕ್ಬೇಕು ಹುಳಿ" ಎಂದು ನೀನು ಅವಳನ್ನು ಗದರಿದೆ. ನನ್ನ ಕಡೆ ತಿರುಗಿ, "ಆಗ ಏನು ಯೋಚ್ನೆ ಮಾಡ್ತಿದ್ದೆ ಕೂಸೇ?" ಎಂದು ಕೇಳಿದೆ. ಬಿಡು, ಬಿಡು ಎನ್ನದೆ ಹಾಗೆ ಕೇಳಿದವಳು ನೀನೊಬ್ಬಳೇ. ಉತ್ತರ ಹುಡುಕುತ್ತ ನಾನು ನನ್ನ ಕೈಯನ್ನೇ ಕಾಯತೊಡಗಿದೆ. ನೆಂಟರು ಬರುತ್ತಾರೆಂದು ತಿಳಿದ ದಿನ ಅದು ಮೇಲೆ ಹೋಗುತ್ತಿತ್ತು. ಏನೂ ಕೆಲಸವಿಲ್ಲದಾಗಲೂ ಹೋಗುತ್ತಿತ್ತು.

ಇನ್ನೊಂದು ದಿನ ನೀನು ಸೊಂಟದ ಎಲೆಯಡಿಕೆ ಸಂಚಿ ಬಿಚ್ಚುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, "ನನ್ನ ಕೈ ಎಲ್ಲೋಯ್ತು ನೋಡ್ದಾ?" ಎಂದು ನಕ್ಕೆ. ನಿನಗೆ ಮದುವೆಗೂ ಮುಂಚಿನಿಂದ ಹೊಗೆಸೊಪ್ಪಿನ ಚಟ. ಅವತ್ತಿನಿಂದ ನಮ್ಮಿಬ್ಬರಿಗೆ ಒಪ್ಪಂದವಾಯಿತು. ಸಂಜೆ ಕಾಡಿನಿಂದ ಆನೆ ಇಳಿಯುವ ಹೊತ್ತಿಗಿಂತ ಮುಂಚೆ ಹಸು ಕಟ್ಟಿ, ನೀನು ನಿನ್ನದು ಹೇಳಬೇಕು, ನಾನು ನನ್ನದು. ನಾನು ತಲೆ ತಗ್ಗಿಸಿ ಪಿಸುಗುಟ್ಟುತ್ತಿದ್ದೆ. ನೀನೋ, ಮಳೆ ಬಂತು ಎಂದು ಹೇಳುವಷ್ಟೇ ಸಲೀಸಾಗಿ, "ಇವತ್ತು ಸೋತೆ ಕಣವ್ವ, ಎರಡು ಸಲ ಹಾಕ್ಕೊಂಡೆ" ಎನ್ನುತ್ತಿದ್ದೆ. ಇಬ್ಬರೂ ಆಣೆ ಇಟ್ಟುಬಿಡೋಣವೇ ಎಂದು ನಾನು ಕೇಳಿದಾಗ, "ಬ್ಯಾಡ. ಆಣೆ ಮುರುದ್ರೆ ಮುಚ್ಚಿಡಬೇಕಾಯ್ತದೆ. ಮುಚ್ಚಿಟ್ರೆ ಎದೆ ಉರೀತದೆ. ಎದೆ ಉರುದ್ರೆ ಇನ್ನೊಂದು ಚೂರು ಸೊಪ್ಪು ಬೇಕು ಅನ್ನಿಸ್ತದೆ" ಎಂದೆಯಲ್ಲ, ಹೆಬ್ಬೆಟ್ಟು ಒತ್ತುವ ನಿನಗೆ ಇದನ್ನು ಯಾರು ಕಲಿಸಿದರು? ನೀನು ಸೊಪ್ಪನ್ನು ಪೂರ್ತಿ ಬಿಡಲಿಲ್ಲ. ಆದರೆ ಒಂದು ಸಂಜೆಯೂ ಸುಳ್ಳು ಹೇಳಲಿಲ್ಲ. ನನ್ನ ಕಣ್ಣಿಗೆ ಅದೇ ದೊಡ್ಡದು. ನಿನ್ನ ಎದುರಿಗೆ ಕೂತೂ ಕೂತೂ ನನಗೆ ಮೋಟು ಜಡೆಯಷ್ಟು ಕೂದಲು ಬಂತು.

ಕಳೆದ ಮಳೆಗಾಲದಲ್ಲಿ ನೀನು ಜ್ವರದಲ್ಲಿ ಹೋದ ಮೇಲೆ ಸಂಜೆ ಹೇಳಿಕೊಳ್ಳಲು ಯಾರೂ ಉಳಿಯಲಿಲ್ಲ. ಕಿವಿಯ ಹಿಂದೆ ಮತ್ತೆ ಶುರುವಾಯಿತು. ತಲೆಗೆ ಟವೆಲ್ ಕಟ್ಟಿ, ಶೀತ ಎಂದು ಸುಳ್ಳು ಹೇಳಿ ಓಡಾಡಿದೆ. ಅವ್ವನಿಗೆ ಹೇಳಿದರೆ ಮತ್ತೆ ಹರಕೆ, ಮತ್ತೆ ಬೋಳು. ಹೇಳದಿದ್ದರೆ ಮೊದಲಿನ ಹಾಗೆ ನಾನೊಬ್ಬಳೇ...

ಇವತ್ತು ಬೆಳಿಗ್ಗೆ ಅವಳು ಅಕ್ಕಿ ಆರಿಸುತ್ತಿದ್ದಾಗ ಹೇಳಿಬಿಟ್ಟೆ ಅಜ್ಜಿ. "ಅವ್ವ, ನಿನ್ನೆ ಕಿತ್ಕೊಂಡೆ."

ಅವಳ ಕೈ ನಿಂತಿತು. "ಅಯ್ಯೋ ಮಾದಪ್ಪಾ" ಎಂದಳು.

"ಹರಕೆ ಬ್ಯಾಡ ಅವ್ವ. ಸುಮ್ನೆ ಕೇಳಿಸ್ಕೊ. ನಾಳೆನೂ ಹೇಳ್ತೀನಿ."

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ನೋಯಲ್ವಾ ಮಗ?" ಎಂದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಇದೇ ಮೊದಲು.

"ಇಲ್ಲ ಅವ್ವ. ಹಾಯಾಯ್ತದೆ. ಅದಕ್ಕೇ ಬುಡಕ್ಕಾಗಲ್ಲ" ಎಂದೆ.

ನಾನು ಎದ್ದುಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಟವೆಲ್ ಬಿಚ್ಚಿ, ಅವಳಿಗೆ ಬೆನ್ನು ಹಾಕಿ ಕುಳಿತೆ.